ಗಿಡದ ಬುಡದ ಬೂದಿ

ಭಾಗ್ಯಜ್ಯೋತಿಗೆ ಅತ್ತೆಯ ಮೇಲೆ ಅನುಮಾನ ಹುಟ್ಟಲು ಗಿಡವೇ ಬೇಕಿತ್ತೆಂದೇನಿಲ್ಲ. ಮದುವೆಯಾಗಿ ಸರಸಂಬಾಕ್ಕೆ ಬಂದ ದಿನದಿಂದಲೂ ಅದು ಅವಳ ಜೊತೆಗೇ ಇತ್ತು. ಜೇವರ್ಗಿಯಲ್ಲಿರುವ ತಮ್ಮನ ಮಗಳನ್ನು ಸೊಸೆಯಾಗಿ ತಂದುಕೊಳ್ಳಬೇಕೆಂದು ಗೌರಾಬಾಯಿ ಬಯಸಿದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಮಗ ಸಂಜುಕುಮಾರ ಮಾತ್ರ ಕಡಗಂಚಿಯಲ್ಲಿ ಎಂ.ಎ. ಓದುವಾಗ ಜೊತೆಗೇ ಓದುತ್ತಿದ್ದ ಅಫಜಲಪುರದ ಈ ಹುಡುಗಿಯನ್ನು ಕಂಡು, ಮದುವೆಯಾದರೆ ಇವಳನ್ನೇ ಎಂದು ಹಟ ಹಿಡಿದ. ಗೌರಾಬಾಯಿ ಆಗ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಭಾಗ್ಯಜ್ಯೋತಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಬಾಯಿಬಿಟ್ಟು ಬೈಯುವವರನ್ನಾದರೂ ನಂಬಬಹುದು, ಸುಮ್ಮನೆ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಎದ್ದುಹೋಗುವವರನ್ನು ನಂಬುವುದು ಹೇಗೆ? ಮಾವ ಬಸವಂತರಾಯ ಇದಕ್ಕೆಲ್ಲ ಸಂಬಂಧವೇ ಇಲ್ಲದ ಮನುಷ್ಯ. ಪೇಪರು, ಎಲೆ ಅಡಿಕೆ, ತೊಗರಿಯ ಧಾರಣೆ, ಇಷ್ಟರಲ್ಲಿ ಅವನ ದಿನ ಮುಗಿಯುತ್ತಿತ್ತು.

ಗಿಡ ಬಂದದ್ದು ಅವಳ ತವರಿನಿಂದ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತನಾದ ಅವಳ ಅಪ್ಪ ಅಫಜಲಪುರದ ಮಾಳಿಗೆಯ ಮೇಲೆ ಕುಂಡದಲ್ಲಿ ಬೆಳೆಸಿದ ಗಿಡ್ಡ ಜಾತಿಯ ಮ್ಯಾಗ್ನೋಲಿಯಾ ಅದು. ಸಂಪಿಗೆಯ ಬಳಗದ್ದೇ. ಆದರೆ ಸಂಪಿಗೆಯ ಹಾಗೆ ಮುಗಿಲಿಗೆ ಏರದೆ ಆಳೆರಡಾಳು ಎತ್ತರಕ್ಕೆ ತೃಪ್ತಿಪಟ್ಟು ನಿಂತುಬಿಡುತ್ತದೆ. ಬೇಸಿಗೆ ಇರಲಿ ಚಳಿಗಾಲವಿರಲಿ, ಮೈತುಂಬ ಎಲೆ. ಎಲೆಯ ಮೇಲ್ಗಡೆ ಎಣ್ಣೆ ಒರೆಸಿದಂಥ ಮಿರುಗು, ಕೆಳಗಡೆ ತುಕ್ಕಿನ ಬಣ್ಣದ ಮಖಮಲ್ಲು. ಹೂವು ಬೆಳ್ಳಗೆ, ಬೊಗಸೆಯಷ್ಟು ಅಗಲ, ನಿಂಬೆಯ ಪರಿಮಳ. ಮಗಳನ್ನು ಕಳಿಸುವ ದಿನ ಅಪ್ಪ ಕುಂಡವನ್ನು ಜೀಪಿನಲ್ಲಿ ಇಟ್ಟು, ಬೀಗರಿಗೆ ಹೇಳಬೇಕಾದ ಮಾತನ್ನೆಲ್ಲ ಗಿಡದ ಬಗ್ಗೆಯೇ ಹೇಳಿದ್ದ.

"ನಿಮ್ಮ ಕಡೀದು ಎರಿ ಮಣ್ಣು, ಕರೀದು. ಇದಕ್ಕ ಅದು ಒಗ್ಗಂಗಿಲ್ಲ. ಹುಳಿ ಮಣ್ಣು ಬೇಕು, ಕೆಂಪಂದು. ಬೇರು ಮ್ಯಾಲೇ ಹಬ್ಬತಾವ, ಕೆದರಬ್ಯಾಡ್ರಿ. ಒಮ್ಮಿ ನೆಲಕ್ಕ ಹಚ್ಚಿದ ಮ್ಯಾಲ ಕಿತ್ತಾಡಿಸಿದ್ರ ಉಳಿಯಂಗಿಲ್ಲ."

ಸಂಜುಕುಮಾರ ಹಿತ್ತಲಿನಲ್ಲಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನಕ್ಕೆ ಗೋಡೆಯ ನೆರಳು ಸಿಗುವ ಜಾಗ ನೋಡಿ ದೊಡ್ಡ ಗುಂಡಿ ತೋಡಿದ. ಆಳಂದದ ದಾಲ್ ಮಿಲ್ಲಿಗೆ ಬರುವ ಲಾರಿಯವನೊಬ್ಬನಿಗೆ ಹೇಳಿ ಚಿಂಚೋಳಿ ಕಡೆಯಿಂದ ಕೆಂಪು ಮಣ್ಣು ತರಿಸಿದ. ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದಕ್ಕೆ ಅಷ್ಟಾದರೂ ಉಪಯೋಗವಾಯಿತು. ಗಿಡವನ್ನು ಇಳಿಸಿ, ಒಣ ಎಲೆಯ ಹಾಸು ಹಾಸಿ, ಕೈ ತೊಳೆದುಕೊಳ್ಳುತ್ತ ಭಾಗ್ಯಜ್ಯೋತಿ ಗಂಡನಿಗೆ ಹೇಳಿದಳು.

"ಇದು ಇಲ್ಲಿ ಬೇರು ಬಿಟ್ಟು ಹತ್ತಿತಂದ್ರ ನಾನೂ ಈ ಮನ್ಯಾಗ ಹತ್ತೇನಿ ಅಂತ ತಿಳಕೋರಿ. ಹೋಯ್ತಂದ್ರ ಆಳಂದದಾಗ ಒಂದು ಮನಿ ನೋಡೂಣು."

ನಕ್ಕು ಹೇಳಿದ ಮಾತು. ಆದರೆ ನಗುತ್ತ ಹೇಳಿದ್ದನ್ನೆಲ್ಲ ಅವಳು ಗಟ್ಟಿಯಾಗಿ ನೆನಪಿಟ್ಟುಕೊಳ್ಳುವವಳೆಂದು ಸಂಜುವಿಗೆ ಗೊತ್ತಿತ್ತು.

ಮೊದಲ ವರ್ಷ ಗಿಡ ಚೆನ್ನಾಗಿಯೇ ಹತ್ತಿತು. ಮಳೆಗಾಲದ ಕೊನೆಗೆ ಒಂದೇ ಒಂದು ಹೂ ಬಿಟ್ಟಿತು. ಓಣಿಯ ಹೆಂಗಸರು ಬಂದು ಬಗ್ಗಿ ಮೂಸಿ, ಗಲ್ಲಕ್ಕೆ ಕೈಹಚ್ಚಿ ಹೋದರು. ಗೌರಾಬಾಯಿಯೂ ಬಂದಳು. ಗಿಡವನ್ನು ಬುಡದಿಂದ ತುದಿಯವರೆಗೆ ನೋಡಿದಳು, ಸೊಸೆಯನ್ನೂ ಹಾಗೆಯೇ ನೋಡಿದಳು, ಏನೂ ಅನ್ನದೆ ಒಳಗೆ ಹೋದಳು. ಆ ನೋಟವನ್ನು ಭಾಗ್ಯಜ್ಯೋತಿ ಮರೆಯಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಎಲೆ ಹಳದಿಯಾಗತೊಡಗಿದವು. ವಯಸ್ಸಾದ ಎಲೆ ಹಳದಿಯಾಗಿ ಉದುರುವುದು ಅವಳಿಗೆ ಗೊತ್ತಿರುವುದೇ. ಇದು ಹಾಗಲ್ಲ, ಎಳೆ ಎಲೆಗಳೇ ಬಿಳಿಚಿಕೊಂಡವು. ನರ ಮಾತ್ರ ಹಸಿರು, ನಡುವೆಲ್ಲ ಅರಿಶಿನ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದಳು. ಅಪ್ಪ ತಕ್ಷಣ ಫೋನ್ ಹಚ್ಚಿದ.

"ಮಣ್ಣಿನ ಹುಳಿ ಹೋಗೇದ ಅವ್ವಾ. ಸುಣ್ಣ ಬಿದ್ದದೇನು? ಯಾರರೆ ಬೂದಿ ಹಾಕ್ಯಾರೇನು ನೋಡು."

ಅವಳು ಹಿತ್ತಲಿಗೆ ಓಡಿ ಎಲೆಯ ಹಾಸು ಸರಿಸಿ ನೋಡಿದಳು. ಬುಡದ ಸುತ್ತ ಕೆಂಪು ಮಣ್ಣಿನ ಮೇಲೆ ಬೆಳ್ಳನೆಯ ಪದರು ಗಟ್ಟಿಯಾಗಿ ಕೂತಿತ್ತು. ಬೆರಳಲ್ಲಿ ಉಜ್ಜಿದಳು. ಬೂದಿಯೇ.

ಗಾಳಿಗೆ ಹಾರಿಬಂದ ಬೂದಿ ಒಂದೇ ಗಿಡದ ಬುಡಕ್ಕೆ ಬಂದು, ಹಾಸಿನ ಕೆಳಗೆ ನುಸುಳಿ ಕೂರುವುದಿಲ್ಲ. ಅದಕ್ಕೆ ಕೈ ಬೇಕು. ಯಾರ ಕೈ ಎಂದು ಅವಳು ಯೋಚಿಸಲೂ ಇಲ್ಲ. ಆ ಹೆಸರು ಮೊದಲೇ ಸಿದ್ಧವಾಗಿತ್ತು.

ಆದರೂ ಸಾಕ್ಷಿ ಬೇಕಲ್ಲ. ಅದೂ ಸಿಕ್ಕಿತು, ಕೇಳದೆಯೇ. ಹಿತ್ತಲಿನ ಗೋಡೆಯಾಚೆ ಖುರ್ಷಿದಳ ಮನೆ. ಕುಪ್ಪಸ ಹೊಲಿಯುವ ಖುರ್ಷಿದಾ ಆಪಾ ಮಿಷನ್ನನ್ನು ಗೋಡೆಗೆ ಹತ್ತಿಯೇ ಇಟ್ಟುಕೊಂಡವಳು. ಓಣಿಯ ಯಾವ ಸುದ್ದಿಯೂ ಅವಳ ಸೂಜಿಯ ಕೆಳಗೆ ಹಾಯದೆ ಮುಂದೆ ಹೋಗುತ್ತಿರಲಿಲ್ಲ. ಭಾಗ್ಯಜ್ಯೋತಿ ಗಿಡದ ಮಾತು ತೆಗೆದದ್ದೇ ತಡ, ಆಪಾ ದನಿ ತಗ್ಗಿಸಿದಳು.

"ನಾ ಹೇಳಬಾರ್ದು ಅಂತ ಸುಮ್ಮಕ್ಕಿದ್ದೆ ಭಾಗ್ಯಾ. ನಾ ನಸಕಿನಾಗ ಫಜರ್ ನಮಾಜಿಗಿ ಎದ್ದಾಗ ನಿಮ್ಮತ್ತಿ ಹಿತ್ತಲಕ್ಕ ಬರ್ತಾರ. ಸೆರಗಿನಾಗ ಏನೋ ಮುಚ್ಕೊಂಡಿರ್ತಾರ. ನಾ ಸಲಾಂ ಅಂದ್ರೂ ಮಾತಿಲ್ಲ, ಕತಿಯಿಲ್ಲ."

"ದಿನಾ ಬರ್ತಾರೇನ್ರಿ?"

"ದಿನಾ. ಜೇವರ್ಗಿಯಿಂದ ಅವರ ತಮ್ಮ ಬಂದಿದ್ರಲ್ಲ, ಆಗಿಂದ. ನಾ ಏನೂ ಅನ್ನಂಗಿಲ್ಲವ್ವಾ, ದೇವ್ರು ನೋಡ್ಕೋತಾನ."

ಏನೂ ಅನ್ನುವುದಿಲ್ಲವೆಂದು ಹೇಳಿ ಎಲ್ಲವನ್ನೂ ಅಂದುಬಿಡುವುದು ಆಪಾನ ರೂಢಿ. ಭಾಗ್ಯಜ್ಯೋತಿಗೆ ಅಷ್ಟೇ ಸಾಕಾಯಿತು. ಜೇವರ್ಗಿಯ ಸೋದರಮಾವ ದೀಪಾವಳಿಗೆ ಬಂದಿದ್ದು ನಿಜ. ಅಕ್ಕ ತಮ್ಮ ಪಡಸಾಲೆಯಲ್ಲಿ ತಲೆಗೆ ತಲೆ ಹಚ್ಚಿ ಮಾತಾಡುತ್ತಿದ್ದವರು ಇವಳು ಚಹಾ ತಂದಾಗ ಗಪ್ಪನೆ ಸುಮ್ಮನಾದದ್ದೂ ನಿಜ. ಯಾವುದೋ ಮಠದ ಬೂದಿಯೋ, ಯಾವ ಮಾಟಗಾರನ ಮಂತ್ರಿಸಿದ ಬೂದಿಯೋ ಅಲ್ಲಿಂದ ಬಂದಿರಬೇಕು. ಗಿಡ ಒಣಗಲಿ, ಗಿಡದ ಜೊತೆಗೆ ಇವಳೂ ಹೊರಟುಹೋಗಲಿ ಅಂತ. ಎಂ.ಎ. ಓದಿದವಳಿಗೆ ಇಂಥ ಯೋಚನೆ ಬರಬಾರದಿತ್ತು. ಬಂತು, ಏನು ಮಾಡುವುದು.

ಅಂದಿನಿಂದ ಮನೆಯಲ್ಲಿ ಒಂದು ಸದ್ದಿಲ್ಲದ ಯುದ್ಧ ಶುರುವಾಯಿತು. ಭಾಗ್ಯಜ್ಯೋತಿ ಬೆಳ್ಳನೆಯ ಪದರನ್ನು ಬೇರಿಗೆ ತಾಗದ ಹಾಗೆ ಬೆರಳಿನಿಂದಲೇ ತೆಗೆದು, ಉಳಿದಿದ್ದ ಕೆಂಪು ಮಣ್ಣು ಹರವಿ, ಮಣ್ಣಿಗೆ ಹುಳಿ ಬರಲೆಂದು ಕುದಿಸಿದ ಚಹಾಪುಡಿ ಒಣಗಿಸಿ ಉದುರಿಸಿದಳು. ಸುಣ್ಣದ ಅಂಶವಿರುವ ಬೋರಿನ ನೀರು ಬಿಟ್ಟು ಮಳೆನೀರಿನ ತೊಟ್ಟಿಯಿಂದಲೇ ಕೊಡ ತುಂಬಿ ಹಾಕಿದಳು. ಒಂದು ವಾರಕ್ಕೆ ಮತ್ತೆ ಬೂದಿ, ಈ ಸಲ ಮೊದಲಿಗಿಂತ ದಪ್ಪ. ಅವಳು ಎಷ್ಟು ತೆಗೆದರೆ ಅದರ ಎರಡರಷ್ಟು ಬಂದು ಬೀಳುತ್ತಿತ್ತು. ಕೊನೆಗೆ ಹೊಲದಿಂದ ಜಾಲಿಯ ಮುಳ್ಳುಕಂಟಿ ತಂದು ಗಿಡದ ಸುತ್ತ ಬೇಲಿ ಕಟ್ಟಿದಳು. ಮರುದಿನ ನೋಡಿದರೆ ಕಂಟಿ ಇದ್ದಲ್ಲೇ ಇದೆ, ಬುಡದಲ್ಲಿ ಬೂದಿಯೂ ಇದೆ. ಊಟಕ್ಕೆ ಕೂತಾಗ ಅತ್ತೆಯ ಬೆರಳಿಗೆ ಅರಿಶಿನ ಮೆತ್ತಿದ ಬಟ್ಟೆಯ ಚಿಂದಿ ಸುತ್ತಿತ್ತು. ಬೆರಳಿಗೆ ಏನಾಯಿತೆಂದು ಇವಳು ಕೇಳಲಿಲ್ಲ. ಅತ್ತೆ ಸುಮ್ಮನೆ ಇನ್ನೊಂದು ರೊಟ್ಟಿ ಹಾಕಿದಳು.

ಆ ರೊಟ್ಟಿಯನ್ನು ಭಾಗ್ಯಜ್ಯೋತಿ ಮುಟ್ಟಲಿಲ್ಲ. ಸಂಜೆ ಗಂಡ ಬಂದ ಕೂಡಲೇ ಹೇಳಿದಳು.

"ಆಳಂದದಾಗ ಮನಿ ನೋಡ್ರಿ. ನನಗ ಇಲ್ಲಿ ಇರಾಕ ಆಗಂಗಿಲ್ಲ. ಇವತ್ತು ಗಿಡಕ್ಕ ಹಾಕಾಕತ್ಯಾರ, ನಾಳಿಗಿ ನನ್ನ ಚಹಾದಾಗ ಹಾಕ್ತಾರ."

"ಹುಚ್ಚಿ ಆಗೀಯೇನು? ನಮ್ಮವ್ವ ಅದಾಳ ಆಕಿ."

"ನಿಮಗ ಅವ್ವ. ನನಗ ಯಾರು?"

ಸಂಜು ವಾದ ಮಾಡುವವರ ಪೈಕಿ ಅಲ್ಲ. ಮಿಲ್ಲಿನ ಹತ್ತಿರವೇ ಎರಡು ಕೋಣೆಯ ಮನೆ ನೋಡಿ, ಮುಂದಿನ ತಿಂಗಳು ಬರುತ್ತೇವೆಂದು ಮಾತು ಕೊಟ್ಟು ಬಂದ. ಅವ್ವನಿಗೆ ಹೇಳಲು ಮಾತ್ರ ಅವನಿಗೆ ಬಾಯಿ ಬರಲಿಲ್ಲ. ಹೇಳಲಿಲ್ಲವೆಂದ ಮಾತ್ರಕ್ಕೆ ಅವ್ವನಿಗೆ ಗೊತ್ತಾಗುವುದಿಲ್ಲವೆಂದು ತಿಳಿಯುವುದು ಗಂಡುಮಕ್ಕಳ ಭ್ರಮೆ.

ಮನೆ ಬಿಡುವುದೇ ಆದರೆ ಸುಮ್ಮನೆ ಬಿಡಬಾರದು, ಬೂದಿ ಹಾಕುವ ಕೈಯನ್ನು ಹಿಡಿದೇ ಬಿಡಬೇಕೆಂದು ಭಾಗ್ಯಜ್ಯೋತಿ ನಿಶ್ಚಯಿಸಿದಳು. ಒಂದು ನಸುಕಿನಲ್ಲಿ ಎದ್ದು ಹಿತ್ತಲಿನ ಕಣಕಿಯ ಬಣವೆಯ ಹಿಂದೆ ಕೂತಳು. ಜೋಳದ ದಂಟು ಬೆನ್ನಿಗೆ ಚುಚ್ಚುತ್ತಿತ್ತು, ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ತೆರೆಯಿತು. ಮಿಂದು ಒದ್ದೆ ತಲೆಗೆ ಸೆರಗು ಹೊದ್ದ ಗೌರಾಬಾಯಿ ಬಂದಳು. ಎಡಗೈಯಲ್ಲಿ ಕಬ್ಬಿಣದ ಸಲಿಕೆಯ ತುಂಬ ಒಲೆಯ ಬೂದಿ, ಬಲಗೈ ಸೆರಗಿನೊಳಗೆ. ಸಲಿಕೆ ನೆಲಕ್ಕಿಟ್ಟು ಮುಳ್ಳುಕಂಟಿಯನ್ನು ಜೋಪಾನವಾಗಿ ಬದಿಗೆ ಸರಿಸಿದಳು. ಬೂದಿಯನ್ನು ಎಲೆಯ ಹಾಸಿನ ಕೆಳಗೆ ಹರಡಿದಳು. ಸೆರಗಿನಿಂದ ಹಿತ್ತಾಳೆಯ ಬಟ್ಟಲು ತೆಗೆದು ಅದರಲ್ಲಿದ್ದ ಬೆಳ್ಳನೆಯ ನೀರನ್ನು ಬುಡದ ಸುತ್ತ ಸುರಿಯತೊಡಗಿದಳು. ತುಟಿ ಅಲುಗುತ್ತಿದ್ದವು, ದನಿ ಇರಲಿಲ್ಲ.

ಭಾಗ್ಯಜ್ಯೋತಿ ಎದ್ದು ನಿಂತಳು.

"ಏನ್ ಮಂತ್ರ ಹಾಕಾಕತ್ತೀರಿ ಅತ್ತಿ ನನ್ನ ಗಿಡಕ್ಕ?"

ಗೌರಾಬಾಯಿ ಬೆಚ್ಚಿದಳು, ಆದರೆ ಬಾಯಿ ಬಿಡಲಿಲ್ಲ. ತಡಿ ಎಂಬಂತೆ ಕೈ ತೋರಿಸಿ, ಬಟ್ಟಲಲ್ಲಿ ಉಳಿದದ್ದನ್ನು ಸುರಿಯತೊಡಗಿದಳು. ಅದೇ ಸೊಸೆಯ ತಲೆ ಕೆಡಿಸಿತು. ಹೋಗಿ ಆ ಕೈ ಹಿಡಿದಳು.

"ಗಿಡ ಸಾಯಿಸಿ ನನ್ನ ಓಡಸ್ಬೇಕಂತ ಮಾಡೀರೇನು? ಜೇವರ್ಗಿಯಿಂದ ತರಿಸೀರೇನು ಇದನ್ನ? ನೀವೇನೂ ಮಾಡೂದು ಬ್ಯಾಡ, ನಾವೇ ಹೋಗಾಕತ್ತೇವಿ. ಆಳಂದದಾಗ ಮನಿ ಆಗೇದ."

ಗದ್ದಲಕ್ಕೆ ಸಂಜು ಪಂಚೆ ಸುತ್ತಿಕೊಳ್ಳುತ್ತ ಬಂದ. ಗೋಡೆಯ ಮೇಲೆ ಖುರ್ಷಿದಾ ಆಪಾನ ತಲೆ ಕಾಣಿಸಿತು. ಗೌರಾಬಾಯಿ ಎಲ್ಲರನ್ನೂ ನೋಡಿದಳು. ಬಟ್ಟಲಿನಲ್ಲಿ ಇನ್ನೂ ನೀರಿತ್ತು. ಅದನ್ನು ನೋಡಿ, ಇನ್ನು ಸುಮ್ಮನಿರಲು ಆಗುವುದಿಲ್ಲವೆಂಬಂತೆ ಮಾತಾಡಿದಳು.

"ಲಿಂಗದ ನೀರು ಬೇ ಇದು."

ಗೌರಾಬಾಯಿ ಬಟ್ಟಲನ್ನು ಸೊಸೆಗೆ ಕಾಣುವ ಹಾಗೆ ಹಿಡಿದಳು.

"ಪೂಜಿ ಮಾಡಿದ ನೀರು. ತುಳಿಯೂ ಜಾಗಾಕ್ಕ ಚೆಲ್ಲಬಾರ್ದು. ನಾ ಒಂದೀಟು ತೊಗೊಂಡು ಉಳದದ್ದು ಗಿಡದ ಬುಡಕ್ಕ ಹಾಕೂದು, ಹಾಕೂತನಕ ಮಾತಾಡಬಾರ್ದು. ನಮ್ಮತ್ತಿ ಕಲಿಸಿದ್ದು."

"ಅದನ್ನ ಮನಿ ಮುಂದಿನ ಕಣಗಿಲ ಗಿಡಕ್ಕ ಹಾಕ್ತಿದ್ರಿ ನೀವು," ಅಂದಳು ಭಾಗ್ಯಜ್ಯೋತಿ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಹಾಕ್ತಿದ್ದೆ. ನೀ ಸಂಜುಗ ಹೇಳಿದ್ದು ಕೇಳಿದ್ದೆ. ಈ ಗಿಡ ಹತ್ತಿದ್ರ ನೀನೂ ಹತ್ತೀ ಅಂದಿದ್ದಿ. ದೀಪಾವಳಿಗಿ ನೋಡಿದ್ರ ಒಂದು ಎಲಿ ಹಳದಿ ಆಗಿತ್ತು. ನಮ್ಮ ತಮ್ಮಗ ಕೇಳಿದೆ. ಅಂವಾ ಅಂದ, ಅಕ್ಕಾ, ನಿನ್ನ ಲಿಂಗದ ನೀರಿಗಿಂತ ದೊಡ್ಡದು ಯಾವ ಔಷಧ ಅದ ಅಂತ. ಹಾಕಾಕ ಹತ್ತಿದೆ. ಹಳದಿ ಹೆಚ್ಚಾತು. ಇಭೂತಿ ಇನ್ನಷ್ಟು ಕಲಸಿದೆ. ಸಾಲಲಿಲ್ಲ ಅಂತ ಒಲಿ ಬೂದಿನೂ ಹಾಕಿದೆ. ಬದನಿ ಗಿಡಕ್ಕ ಹಾಕ್ತೀವಲ್ಲ, ಹ್ಯಾಂಗ ಕಾಯಿ ತುಂಬಿ ತೂಗ್ತಾವ ಅವು." ಅವಳು ಮುಳ್ಳುಕಂಟಿಯ ಕಡೆ ನೋಡಿದಳು. "ಇದನ್ನ ನೀ ಆಡು ಮೇಯಬಾರ್ದಂತ ಹಚ್ಚೀ ಅಂತ ತಿಳದಿದ್ದೆ."

ಗೋಡೆಯ ಮೇಲಿದ್ದ ತಲೆ ಮೆಲ್ಲಗೆ ಕೆಳಗೆ ಹೋಯಿತು. ಭಾಗ್ಯಜ್ಯೋತಿಗೆ ಅತ್ತೆಯ ಕೈ ಇನ್ನೂ ತನ್ನ ಮುಷ್ಟಿಯಲ್ಲೇ ಇದೆಯೆಂದು ಆಗ ಅರಿವಾಯಿತು. ಕೈ ಬಿಟ್ಟಳು. ನಾಚಿಕೆಯಿಂದ ಅವಳ ಕಿವಿ ಸುಡುತ್ತಿದ್ದವು.

"ಬೂದಿ ಇದಕ್ಕ ಆಗಂಗಿಲ್ಲೇನು?" ಗೌರಾಬಾಯಿ ಕೇಳಿದಳು.

ಹಾಗೇನಿಲ್ಲವೆನ್ನಬೇಕೆಂದು ಭಾಗ್ಯಜ್ಯೋತಿಗೆ ಅನಿಸಿತು. ಆದರೆ ಸುಳ್ಳು ಹೇಳಿದರೆ ನಾಳೆ ಮತ್ತೆ ಬೂದಿ ಬೀಳುತ್ತದೆ.

"ಆಗಂಗಿಲ್ರಿ. ಇದಕ್ಕ ಹುಳಿ ಮಣ್ಣು ಬೇಕು. ಬೂದಿ ಬಿದ್ರ ಸಾಯ್ತದ."

ಗೌರಾಬಾಯಿ ಬಟ್ಟಲು ಸಂಜುವಿನ ಕೈಗೆ ಕೊಟ್ಟು, ಮೂಲೆಯಲ್ಲಿದ್ದ ಕಳೆ ಕೀಳುವ ಖುರುಪಿ ಹಿಡಿದು, ಮೊಣಕಾಲೂರಿ ಬೂದಿ ಕೆರೆಯಲು ಕುಳಿತಳು. ಭಾಗ್ಯಜ್ಯೋತಿಗೆ ಬಾಯಿ ತಡೆಯಲಾಗಲಿಲ್ಲ.

"ಬ್ಯಾಡ್ರಿ ಅತ್ತಿ. ಬೇರು ಮ್ಯಾಲೇ ಅದಾವ, ಹರೀತಾವ."

ಖುರುಪಿ ಅಲ್ಲೇ ನಿಂತಿತು. ಗೌರಾಬಾಯಿ ಅದನ್ನು ನೆಲಕ್ಕಿಟ್ಟು ಎದ್ದಳು. ಮಣ್ಣಾದ ಕೈಯನ್ನು ಎಲ್ಲಿ ಒರೆಸಬೇಕೆಂದು ತಿಳಿಯದವಳ ಹಾಗೆ ನಿಂತು, "ನನಗ ಇದರದು ತಿಳಿಯಂಗಿಲ್ಲ ಬಿಡು," ಅಂದಳು. "ನೀವು ಆಳಂದಕ್ಕ ಹೋಗ್ರಿ. ಇದನ್ನೂ ಒಯ್ಯಿರಿ."

"ಕಿತ್ತ್ರ ಬದುಕಂಗಿಲ್ರಿ ಅದು."

ಗೌರಾಬಾಯಿ ಮಗನ ಕೈಯಿಂದ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಅಂದಿನಿಂದ ಅವಳು ಹಿತ್ತಲಿನ ಆ ಬದಿಗೆ ಕಾಲಿಡಲಿಲ್ಲ. ಬಟ್ಟೆ ಒಣಹಾಕಲೂ ಮಾಳಿಗೆ ಹತ್ತಿ ಹೋದಳು. ಭಾಗ್ಯಜ್ಯೋತಿ ಬೂದಿಯನ್ನು ಬೆರಳಿನಿಂದ ಎತ್ತಿ, ಸಂಜು ತರಿಸಿದ ಹೊಸ ಕೆಂಪು ಮಣ್ಣು ಹಾಕಿ, ಮಳೆನೀರು ಬಿಟ್ಟಳು. ಗಿಡ ಸಾಯುತ್ತದೋ ಉಳಿಯುತ್ತದೋ ಹೇಳುವ ಹಾಗಿರಲಿಲ್ಲ. ಮನೆಯಲ್ಲಿ ಗೌರಾಬಾಯಿ ಊಟಕ್ಕೆ ನಂಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದಳು, ಜೋಳದ ಹಿಟ್ಟು ಬೀಸಿಸಿದಳು, ರೊಟ್ಟಿ ಸುಡಲು ಹೊಸ ಹಂಚು ತರಿಸಿದಳು, ಎಲ್ಲವನ್ನೂ ಚೀಲಕ್ಕೆ ಕಟ್ಟಿ ಪಡಸಾಲೆಯಲ್ಲಿ ಸಾಲಾಗಿ ಇಟ್ಟಳು. ಚೀಲ ಕಂಡ ಭಾಗ್ಯಜ್ಯೋತಿಗೆ, ನೋಡು, ನಮ್ಮನ್ನು ಕಳಿಸಲು ಎಷ್ಟು ಅವಸರ, ಅನಿಸಿತು. ಅನಿಸಿದ ಮರುಗಳಿಗೆ ತನ್ನ ತಲೆಗೆ ತಾನೇ ಮೊಟಕಿಕೊಂಡಳು. ವರ್ಷಗಟ್ಟಲೆ ಸಾಕಿದ ಅನುಮಾನ, ಒಂದು ಬೆಳಗಿಗೆ ಬಿಟ್ಟುಹೋಗು ಎಂದರೆ ಹೋಗುತ್ತದೆಯೇ?

ಹೊರಡಲು ಮೂರು ನಾಲ್ಕು ದಿನ ಇರುವಾಗ ಅವಳು ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ಕುಳಿತಳು.

"ನಾವು ಹೋಗಂಗಿಲ್ರಿ. ನಾ ಇಲ್ಲೇ ಇರ್ತೇನಿ."

ಗೌರಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕಿತ್ತ್ರ ಗಿಡ ಸಾಯ್ತದ, ಅದಕ್ಕ."

"ಅದಕ್ಕಲ್ರಿ."

"ಗಿಡದ ಸಲುವಾಗಿ ಇರಬ್ಯಾಡ ಬೇ. ಅದನ್ನ ಸಂಜು ಬಂದು ನೋಡ್ಕೊಂಡು ಹೋಗ್ತಾನ. ನಾ ಅದರ ಹತ್ರ ಹೋಗಂಗಿಲ್ಲ, ಅಂಜಬ್ಯಾಡ."

ಬೈದಿದ್ದರೆ ಉತ್ತರ ಕೊಡಬಹುದಿತ್ತು. ಇದು ಬೈಗುಳವಲ್ಲ. ಇಷ್ಟು ದಿನ ಇವಳು ಅತ್ತೆಯ ಒಂದೊಂದು ಕೆಲಸಕ್ಕೂ ಹೇಗೆ ಬೇರೆ ಅರ್ಥ ಹಚ್ಚಿದ್ದಳೋ, ಈಗ ಅತ್ತೆ ಇವಳ ಮಾತಿಗೆ ಹಾಗೆಯೇ ಅರ್ಥ ಹಚ್ಚುತ್ತಿದ್ದಳು. ಅದನ್ನು ಕಲಿಸಿದವರು ಯಾರೆಂದು ಭಾಗ್ಯಜ್ಯೋತಿ ಬೇರೆ ಕಡೆ ಹುಡುಕಬೇಕಿರಲಿಲ್ಲ. ಇರುತ್ತೇನೆಂದು ಎಷ್ಟು ಸಲ ಹೇಳಿದರೂ ಅದು ಗಿಡದ ಲೆಕ್ಕಕ್ಕೇ ಹೋಗುತ್ತದೆಂದು ಅವಳಿಗೆ ಅರ್ಥವಾಯಿತು. ಎದ್ದು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಮನಸಾರೆ ಅತ್ತಳು.

ಮರುದಿನ ನಸುಕಿನಲ್ಲಿ ಅವಳೂ ಮಿಂದಳು. ಗೌರಾಬಾಯಿ ಪೂಜೆ ಮುಗಿಸಿ, ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುಂಬಾಗಿಲಿಗೆ ಹೊರಟಳು, ಕಣಗಿಲದ ಕಡೆಗೆ. ಹೊಸ್ತಿಲ ಬಳಿ ಸೊಸೆ ನಿಂತಿದ್ದಳು. ದಾರಿ ಬಿಡೆಂದು ಅತ್ತೆ ಕಣ್ಣಲ್ಲೇ ಹೇಳಿದಳು. ಸೊಸೆ ಬಿಡಲಿಲ್ಲ. ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದಳು.

ಗೌರಾಬಾಯಿ ಬೊಗಸೆ ನೋಡಿದಳು, ಮುಖ ನೋಡಿದಳು. ಯಾಕೆಂದು ಕೇಳುವ ಹಾಗಿರಲಿಲ್ಲ, ನೀರು ಇನ್ನೂ ಬಟ್ಟಲಲ್ಲೇ ಇತ್ತು. ಆಮೇಲೆ ಬಟ್ಟಲು ಬಗ್ಗಿಸಿ ಒಂದಿಷ್ಟು ಹಾಕಿದಳು.

ಭಾಗ್ಯಜ್ಯೋತಿ ಕುಡಿದಳು. ನಾಲಿಗೆಗೆ ಬೂದಿ ಸಣ್ಣಗೆ ಕರಕರ ಅಂದಿತು. ತನ್ನ ಚಹಾದಲ್ಲಿ ಹಾಕಿಯಾರೆಂದು ಅವಳು ಅಂಜಿದ್ದು ಇದೇ ಬೂದಿಗೆ. ಮತ್ತೆ ಬೊಗಸೆ ಒಡ್ಡಿದಳು. ಗೌರಾಬಾಯಿ ಮತ್ತೆ ಹಾಕಿದಳು, ಮತ್ತೂ ಹಾಕಿದಳು. ಒಂದೆರಡು ಹನಿ ಸೊಸೆಯ ಮುಂಗೈ ಮೇಲೆ ಬಿದ್ದವು. ಭಾಗ್ಯಜ್ಯೋತಿ ನೆಲಕ್ಕೆ ಬೀಳಗೊಡದೆ ಅವನ್ನೂ ತುಟಿಗೆ ತಂದುಕೊಂಡಳು. ಬಟ್ಟಲು ಬರಿದಾಗುವವರೆಗೂ ಇಬ್ಬರೂ ಹೊಸ್ತಿಲು ಬಿಟ್ಟು ಕದಲಲಿಲ್ಲ.

ಈಗ ಗೌರಾಬಾಯಿ ಮಾತಾಡಬಹುದಿತ್ತು. ಸೆರಗಿನ ತುದಿಯಿಂದ ಸೊಸೆಯ ಗದ್ದ ಒರೆಸಿದಳು. ಒಳಗೆ ಇನ್ನೂ ಮಲಗಿದ್ದ ಮಗನಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಸಂಜು, ಏಳೋ. ಆಳಂದದ ಮನಿಯವ್ರಿಗಿ ಫೋನ್ ಹಚ್ಚು. ಬರಂಗಿಲ್ಲ ಅಂತ ಹೇಳು."